ಕೋ ಟಾವ್‌ನಲ್ಲಿ ಅವಳ ಕಿವಿ, ನನ್ನ ಅವಸರ: ಗಂಡ ಹೆಂಡತಿ ಒಟ್ಟಿಗೆ ಡೈವ್ ಮಾಡೋದು ಹೇಗೆ?

ಕಡಲಂಚು:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಆದರೂ ಪೂರ್ತಿ ಓದಿ ಉತ್ತರ ಕೊಡಿ ಅಂತ ಕೇಳ್ಕೋತೀನಿ.

ನಾನು, ನನ್ನ ಹೆಂಡತಿ ಒಂದು ವಾರ ಥಾಯ್ಲೆಂಡಿನ ಕೋ ಟಾವ್ ದ್ವೀಪಕ್ಕೆ ಹೋಗಿದ್ವಿ, ಸ್ಕೂಬಾ ಡೈವಿಂಗ್‌ಗೆ, ಅಂದರೆ ಗಾಳಿಯ ಟ್ಯಾಂಕ್ ಹೊತ್ತು ನೀರೊಳಗೆ ಇಳಿಯೋಕೆ ಅಂತಲೇ. ಸುಮಾರು 21 ಚದರ ಕಿಲೋಮೀಟರಿನ ಪುಟ್ಟ ದ್ವೀಪ. ಸೈರಿ ಬೀಚ್ ಉದ್ದಕ್ಕೂ, ಮೇ ಹಾದ್ ದೋಣಿಕಟ್ಟೆ ಸುತ್ತಮುತ್ತ, ಎತ್ತ ನೋಡಿದರೂ ಡೈವ್ ಶಾಪ್. ಬೆಳಿಗ್ಗೆ ಆದರೆ ಟ್ಯಾಂಕ್ ಹೊತ್ತ ದೋಣಿಗಳು ಸಾಲಾಗಿ ಹೊರಡ್ತವೆ. ನನಗೆ 38 ಡೈವ್ ಆಗಿದೆ, ಅಡ್ವಾನ್ಸ್ಡ್ (ಎರಡನೇ ಹಂತದ) ಕಾರ್ಡ್ ಇದೆ. ಅವಳು ಅಲ್ಲೇ ಹೊಸಬರ ಮೊದಲ ಕೋರ್ಸ್ ಆದ ಓಪನ್ ವಾಟರ್ ಮಾಡಿದಳು. ಕೋರ್ಸಿನ ನಾಲ್ಕು ಡೈವ್ ಚೆನ್ನಾಗಿಯೇ ಆದವು. ಇಳಿಯುವಾಗ ಅವಳ ಎಡಗಿವಿ ತಡವಾಗಿ ಬಿಡುತ್ತೆ (ಅಂದರೆ ಕಿವಿಯೊಳಗಿನ ಒತ್ತಡ ಹೊರಗಿನ ನೀರಿನ ಒತ್ತಡಕ್ಕೆ ಸಮ ಆಗೋದು ತಡ), ಆದರೆ ಇನ್‌ಸ್ಟ್ರಕ್ಟರ್ ಪ್ರತಿ ಸಲವೂ ಕಾಯ್ತಿದ್ದರು.

ಐದನೇ ದಿನ ಇಬ್ಬರೂ ಒಟ್ಟಿಗೆ ಚುಂಫೋನ್ ಪಿನಾಕಲ್‌ಗೆ ಹೋದ್ವಿ. ಗೊತ್ತಿಲ್ಲದವರಿಗೆ: ಅದು ನಡುಗಡಲಲ್ಲಿ ಮುಳುಗಿರೋ ದೊಡ್ಡ ಬಂಡೆ. ತುದಿಯೇ ಸುಮಾರು 14 ಮೀಟರ್ ಆಳದಲ್ಲಿದೆ. ಅಂದರೆ ಏನಾದರೂ ನೋಡಬೇಕು ಅಂದರೆ ಮೊದಲು ಬರೀ ನೀಲಿಯಲ್ಲಿ ಹಗ್ಗ ಹಿಡಿದು ಅಷ್ಟು ಇಳಿಯಲೇಬೇಕು. ಹಿಂದಿನ ದಿನ ಅಲ್ಲಿ ತಿಮಿಂಗಿಲ ಶಾರ್ಕ್ ಕಂಡಿದೆ ಅಂತ ದೋಣಿ ತುಂಬ ಅದೇ ಮಾತು. ಹಗ್ಗದ ಮೇಲೆ ನಮ್ಮದೂ ಸೇರಿ ನಾಲ್ಕು ಗುಂಪು.

ಐದು ಮೀಟರ್ ಹತ್ತಿರ ಅವಳು ನಿಂತಳು. ನಾನು ಅವಳಿಗಿಂತ ಮೂರು ನಾಲ್ಕು ಮೀಟರ್ ಕೆಳಗಿದ್ದೆ. ಮೇಲೆ ನೋಡಿದೆ. ಅವಳು ಕೈ ಅಲ್ಲಾಡಿಸಿದಳು. ಓಕೆ ಅಂತಿದ್ದಾಳೆ ಅಂದುಕೊಂಡು ಬಾ ಬಾ ಅಂತ ಸನ್ನೆ ಮಾಡಿದೆ. ಎರಡು ಸಲ ಅಲ್ಲ, ನಾಲ್ಕೈದು ಸಲ. ಅವಳು ಬಂದಳು. ಡೈವ್ ಮುಗಿಸಿ ಮೇಲೆ ಬಂದಾಗ ಅವಳ ಮಾಸ್ಕ್ ಒಳಗೆ ಮೂಗಿನ ಕೆಳಗೆ ತೆಳ್ಳಗೆ ರಕ್ತದ ಗೆರೆ. ಡಾಕ್ಟರ್ ನೋಡಿ ಕಿವಿತಮಟೆ ಹರಿದಿಲ್ಲ, ಅದರ ಹಿಂದೆ ರಕ್ತ ಕಟ್ಟಿದೆ, ವಾಸಿಯಾಗೋವರೆಗೆ ನೀರಿಗೆ ಇಳಿಯಬೇಡಿ ಅಂದರು.

ಈಗ ಕಿವಿ ಸರಿಯಾಗ್ತಾ ಇದೆ. ಆದರೆ ಅವಳು ಒಂದು ಮಾತು ಹೇಳಿದ್ದಾಳೆ: "ಡೈವಿಂಗ್ ಬಿಡಲ್ಲ. ನಿನ್ನ ಜೊತೆ ಇಳಿಯಲ್ಲ." ಇದು ನನಗೆ ತುಂಬ ಚುಚ್ಚಿದೆ. ಗಂಡ ಹೆಂಡತಿ ನೀರೊಳಗೆ ಜೊತೆಗಾರರಾಗಬಾರದಾ? ಮುಂದಿನ ಸಲ ಬೇರೆ ಬೇರೆ ಗೈಡ್ ಜೊತೆ ಹೋಗಬೇಕಾ? ಅನುಭವ ಇರೋರು ದಯವಿಟ್ಟು ಹೇಳಿ.

ನೀಲಿಹಗ್ಗ:
ಸರ್, ಇದರಲ್ಲಿ ನಿಮ್ಮ ತಪ್ಪಿಗಿಂತ ಗೈಡ್ ತಪ್ಪೇ ಜಾಸ್ತಿ. ನಿನ್ನೆ ಮೊನ್ನೆ ಕೋರ್ಸ್ ಮುಗಿಸಿದವರನ್ನ 14 ಮೀಟರಿನಿಂದ ಶುರುವಾಗೋ ಬಂಡೆಗೆ ಯಾಕೆ ಕರ್ಕೊಂಡು ಹೋದರು? ಗೈಡ್ ಹಿಂದೆ ತಿರುಗಿ ನೋಡಲೇ ಇಲ್ವಾ? ಡೈವ್ ಶಾಪ್ ಹೆಸರು ಹಾಕಿ, ಬೇರೆಯವರಾದರೂ ಹುಷಾರಾಗಲಿ.

ಕಡಲಂಚು:
ಹೆಸರು ಹಾಕಲ್ಲ ಸರ್, ಅದಕ್ಕೆ ಕಾರಣ ಇದೆ. ದೋಣಿಯಲ್ಲಿ ಗೈಡ್ ನನ್ನ ಹೆಂಡತಿಯನ್ನೇ ಕೇಳಿದರು, "ಕಿವಿ ಹೇಗಿದೆ, ನಿಧಾನ ಇಳೀಬೇಕಾ?" ಅಂತ. ಅವಳು ಬಾಯಿ ತೆಗೆಯೋ ಮುಂಚೆ ನಾನೇ "ಕೋರ್ಸಲ್ಲಿ ಏನೂ ತೊಂದರೆ ಆಗಿಲ್ಲ, ಚೆನ್ನಾಗಿ ಮಾಡ್ತಾಳೆ" ಅಂದುಬಿಟ್ಟೆ. ಅವಳಿಗೆ ಧೈರ್ಯ ಬರಲಿ ಅಂತ ಹೇಳಿದ್ದು. ಮೊದಲ ಪೋಸ್ಟಲ್ಲಿ ಇದನ್ನ ಬರೆಯದೇ ಇದ್ದದ್ದು ತಪ್ಪು.

ಕಿವಿಡಾಕ್ಟರ್:
ನಾನು ಕಿವಿ ಮೂಗು ಗಂಟಲು ವೈದ್ಯೆ, ಡೈವ್ ಕೂಡ ಮಾಡ್ತೀನಿ. ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆಯ ಮಾತು, ನನ್ನದು ಸಾಮಾನ್ಯ ವಿವರಣೆ ಅಷ್ಟೇ. ಆದರೆ ಇದನ್ನ ಪ್ರತಿ ಜೋಡಿಯೂ ಓದಬೇಕು ಅಂತ ನನ್ನ ಆಸೆ.

ಕಿವಿತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆ ಇದೆ. ಅದಕ್ಕೆ ಒಂದೇ ಬಾಗಿಲು, ಮೂಗಿನ ಹಿಂಭಾಗಕ್ಕೆ ತೆರೆಯೋ ಒಂದು ನಳಿಗೆ. ನೀರಿನ ಮೇಲ್ಗಡೆ ಒತ್ತಡ ಒಂದು ಅಂತ ಇಟ್ಟುಕೊಂಡರೆ 10 ಮೀಟರಲ್ಲಿ ಅದು ಎರಡು, 20 ಮೀಟರಲ್ಲಿ ಮೂರು. ಮೊದಲ 10 ಮೀಟರಲ್ಲೇ ಒತ್ತಡ ದುಪ್ಪಟ್ಟಾಗುತ್ತೆ, ಆಮೇಲಿನ 10 ಮೀಟರಲ್ಲಿ ಒಂದೂವರೆ ಪಟ್ಟು ಮಾತ್ರ. ಅದಕ್ಕೇ ಕಿವಿ ಹೆಚ್ಚಾಗಿ ಹೋಗೋದು ಆಳದಲ್ಲಿ ಅಲ್ಲ, ಮೇಲಿನ ಐದಾರು ಮೀಟರಲ್ಲಿ. "ಇನ್ನೂ ಐದೇ ಮೀಟರ್, ಇಷ್ಟಕ್ಕೇ ಏನು" ಅಂತ ಅನ್ಕೊಳ್ಳೋದು ಪೂರ್ತಿ ತಲೆಕೆಳಗು.

ಮುಖ್ಯ ವಿಷಯ ಈಗ. ಒತ್ತಡದ ವ್ಯತ್ಯಾಸ ಒಂದು ಹಂತ ದಾಟಿದ ಮೇಲೆ ಆ ನಳಿಗೆಯ ಬಾಯಿ ಮುಚ್ಚಿ ಅಂಟಿಕೊಂಡುಬಿಡುತ್ತೆ. ಆಗ ಮೂಗು ಹಿಡಿದು ಎಷ್ಟೇ ಊದಿದರೂ ತೆರೆಯಲ್ಲ. ಜೋರಾಗಿ ಊದಿದಷ್ಟೂ ಒಳಗಿವಿಯ ಪೊರೆಗೆ ಪೆಟ್ಟು. ಅದು ಹರಿದರೆ ತಲೆ ಸುತ್ತು, ಕಿವಿಯಲ್ಲಿ ಗುಂಯ್ ಶಬ್ದ, ಕೆಲವರಿಗೆ ಕಾಯಂ ಆಗಿ ಕಿವುಡು. ಆ ಹೊತ್ತಲ್ಲಿ ಇರೋದು ಒಂದೇ ಉಪಾಯ: ಒಂದು ಮೀಟರ್ ಮೇಲೆ ಬರೋದು. ಮೇಲೆ ಬಂದರೆ ಬಾಗಿಲು ಸಡಿಲ ಆಗುತ್ತೆ, ಮೆಲ್ಲಗೆ ಬಿಡಿಸಿಕೊಂಡು ಮತ್ತೆ ಇಳೀಬಹುದು. ಕೆಳಗಿಂದ "ಬಾ" ಅಂತ ಕರೆಯೋದು ಅವರಿಗೆ ಬೇಕಾಗಿರೋದಕ್ಕೆ ಸರಿಯಾಗಿ ವಿರುದ್ಧ.

ಮೂಗು ಹಿಡಿದು ಊದೋದು ಒಂದೇ ವಿಧಾನ ಅಲ್ಲ. ಮೂಗು ಹಿಡಿದು ಎಂಜಲು ನುಂಗೋದು ಕೆಲವರಿಗೆ ಸುಲಭ. ನೋವು ಬರೋ ಮುಂಚೆಯೇ, ನೀರಿನ ಮೇಲಿರುವಾಗಲೇ ಒಂದು ಸಲ, ಆಮೇಲೆ ಪ್ರತಿ ಅರ್ಧ ಮೀಟರಿಗೆ. ಕಾಲು ಕೆಳಗೆ, ತಲೆ ಮೇಲೆ. ತಲೆಕೆಳಗಾಗಿ ಇಳಿದರೆ ಕಿವಿ ಬಿಡೋದು ಇನ್ನೂ ಕಷ್ಟ.

ತಂಪುನೀರು:
ಮೇಡಂ, ನಾನು ಡೈವ್‌ಗೆ ಅರ್ಧ ಗಂಟೆ ಮೊದಲು ನೆಗಡಿ ಮಾತ್ರೆ ತಗೋತೀನಿ, ಕಿವಿ ಸಲೀಸಾಗಿ ಬಿಡುತ್ತೆ. ಇವರಿಗೂ ಅದನ್ನೇ ಹೇಳಬಹುದಲ್ವಾ?

ಕಿವಿಡಾಕ್ಟರ್:
ದಯವಿಟ್ಟು ಬೇಡ. ನೀರೊಳಗೆ ಇರುವಾಗಲೇ ಮಾತ್ರೆಯ ಪ್ರಭಾವ ಇಳಿದರೆ ಮೇಲೆ ಬರುವಾಗ ಹಿಗ್ಗೋ ಗಾಳಿಗೆ ಹೊರಗೆ ಹೋಗಲು ದಾರಿ ಇರಲ್ಲ. ಇಳಿಯುವಾಗ ಕಿವಿ ಬಿಡದಿದ್ದರೆ ವಾಪಸ್ ಮೇಲೆ ಬರಬಹುದು. ಏರುವಾಗ ಬಿಡದಿದ್ದರೆ ಕೆಳಗೇ ಉಳಿಯೋಕೆ ಆಗುತ್ತಾ? ಟ್ಯಾಂಕಲ್ಲಿ ಗಾಳಿ ಮುಗೀತಾ ಇರುತ್ತೆ. ನೆಗಡಿ ಇದ್ದರೆ ಆ ದಿನ ಡೈವ್ ಇಲ್ಲ, ಅಷ್ಟೇ. ಕಿವಿಗೆ ಬಿರಡೆ ಹಾಕಿಕೊಂಡು ಇಳಿಯೋರೂ ಇದ್ದಾರೆ, ಅದು ಇನ್ನೂ ಅಪಾಯ.

ಹಳೇಡೈವರ್:
ನಾವು ಮದುವೆಯಾಗಿ ಇಪ್ಪತ್ತೆರಡು ವರ್ಷ, ಒಟ್ಟಿಗೆ ಡೈವ್ ಮಾಡ್ತಾ ಹದಿನಾಲ್ಕು ವರ್ಷ. ನನ್ನ ಸಲಹೆ ಸ್ವಲ್ಪ ಖಾರ ಅನ್ನಿಸಬಹುದು. ಒಬ್ಬರು ಹೊಸಬರು, ಒಬ್ಬರು ಸ್ವಲ್ಪ ಹಳಬರು ಅಂದರೆ ಮೊದಲ ಇಪ್ಪತ್ತು ಡೈವ್ ಬೇರೆ ಬೇರೆ ಹೋಗಿ. ಸ್ವಲ್ಪ ಹಳಬ ಅನ್ನೋನೇ ಅಪಾಯ. ಅವನಿಗೆ ತನ್ನ ಉಸಿರು, ತನ್ನ ತೇಲುವಿಕೆ ಈಗಷ್ಟೇ ಹತೋಟಿಗೆ ಬಂದಿರುತ್ತೆ, ಅಷ್ಟರಲ್ಲೇ ಹೆಂಡತಿಗೆ ಮೇಷ್ಟ್ರಾಗೋಕೆ ಹೊರಡ್ತಾನೆ. 38 ಡೈವ್ ಅನ್ನೋದು ನಿಮ್ಮ ಒಬ್ಬರಿಗೆ ಸಾಕು ತಮ್ಮಾ, ಇಬ್ಬರಿಗೆ ಸಾಲದು. ಅವಳಿಗೆ ಒಬ್ಬ ಗೈಡ್ ಬೇರೆ ಮಾಡಿಕೊಡಿ. ಸಂಜೆ ಲಾಗ್‌ಬುಕ್ (ಪ್ರತಿ ಡೈವ್‌ನ ವಿವರ ಬರೆದಿಡೋ ಪುಸ್ತಕ) ಬರೆಯುವಾಗ ಜೊತೆಗೆ ಕೂತ್ಕೊಳ್ಳಿ.

ಎರಡುಗುಳ್ಳೆ:
ಹಳೇಡೈವರ್ ಸರ್ ಮಾತಿಗೆ ಗೌರವ ಇದೆ, ಆದರೆ ನಾನು ಒಪ್ಪಲ್ಲ. ನಮಗೂ ಇದೇ ಆಗಿತ್ತು, ನಮ್ಮಲ್ಲಿ ಹೊಸಬ ನನ್ನ ಗಂಡ. ನಾವು ಬೇರೆಯಾಗಲಿಲ್ಲ, ಜಾಗ ಅದಲು ಬದಲು ಮಾಡಿಕೊಂಡ್ವಿ. ಅವನು ಮುಂದೆ, ನಾನು ಹಿಂದೆ. ಹಗ್ಗದ ಮೇಲೆ ಒಂದೇ ನಿಯಮ ಇಟ್ಟುಕೊಂಡ್ವಿ: ನನ್ನ ಮಾಸ್ಕ್ ಅವನ ಮಾಸ್ಕ್‌ಗಿಂತ ಒಂದು ಗೇಣೂ ಕೆಳಗೆ ಹೋಗಬಾರದು. ಎದುರುಬದುರು, ಕಣ್ಣಿಗೆ ಕಣ್ಣು. ಅವನು ನಿಂತರೆ ನಾನೂ ನಿಲ್ತೀನಿ, ಅವನು ಮೇಲೆ ಹೋದರೆ ನಾನೂ ಹೋಗ್ತೀನಿ. ಕೆಳಗಿನಿಂದ ಮೇಲೆ ನೋಡುವಾಗ ಬಿಸಿಲು ಕಣ್ಣಿಗೆ ಹೊಡೆಯುತ್ತೆ, ಎದುರಿಗಿರೋರ ಕೈ ಬರೀ ಕಪ್ಪು ನೆರಳು. ಯಾವ ಸನ್ನೆ ಅಂತ ಗೊತ್ತಾಗಲ್ಲ. ಕಡಲಂಚು ಅವರಿಗೆ ಆಗಿರೋದೂ ಅದೇ ಇರಬೇಕು.

ಇನ್ನೊಂದು: ದೋಣಿಯಲ್ಲಿ ಒಬ್ಬರ ಪರವಾಗಿ ಇನ್ನೊಬ್ಬರು ಉತ್ತರ ಕೊಡೋದು ಬೇಡ. ನಾವು ಇದನ್ನ ಬಹಳ ಕಷ್ಟಪಟ್ಟು ಕಲಿತ್ವಿ.

ನಿಧಾನಕಿವಿ:
ನಾನು ಕಡಲಂಚು ಅವರ ಹೆಂಡತಿ. ಇದನ್ನೆಲ್ಲ ಓದಿ ಅಂತ ಇವರೇ ಕೊಟ್ಟರು. ಎಲ್ಲರಿಗೂ ಮೊದಲು ಥ್ಯಾಂಕ್ಸ್, ಮುಖ್ಯವಾಗಿ ಡಾಕ್ಟರ್ ಮೇಡಂಗೆ. ಒಂದೆರಡು ವಿಷಯ ನಾನೇ ಹೇಳಬೇಕು.

ನಾನು ತೋರಿಸಿದ್ದು ಓಕೆ ಅಲ್ಲ. ಹಗ್ಗದ ಮೇಲೆ ಒಂದು ಕೈ, ಮೂಗಿನ ಮೇಲೆ ಒಂದು ಕೈ. ಸನ್ನೆ ಮಾಡಬೇಕು ಅಂದರೆ ಮೂಗು ಬಿಡಬೇಕು, ಮೂಗು ಬಿಟ್ಟರೆ ಕಿವಿ ಇನ್ನೂ ನೋಯುತ್ತೆ. ಹಾಗೂ ಬಿಟ್ಟು, ಅಂಗೈ ಚಪ್ಪಟೆ ಮಾಡಿ ಆ ಕಡೆ ಈ ಕಡೆ ವಾಲಿಸಿದೆ. ಕೋರ್ಸಲ್ಲಿ "ತೊಂದರೆ ಇದೆ" ಅನ್ನೋದಕ್ಕೆ ಹೇಳಿಕೊಟ್ಟಿದ್ದು ಅದನ್ನೇ. ಆಮೇಲೆ ಬೆರಳಲ್ಲಿ ಕಿವಿ ತೋರಿಸಿದೆ. ಅಷ್ಟು ಹೊತ್ತಿಗೆ ಇವರು ಕೆಳಗೆ ತಿರುಗಿ ಗೈಡ್ ಎಲ್ಲಿದ್ದಾನೆ ಅಂತ ನೋಡ್ತಿದ್ದರು. ಮತ್ತೆ ಮೇಲೆ ನೋಡಿದವರು ಬಾ ಬಾ ಅಂದರು. ನನ್ನ ಮೇಲೆ ಹಗ್ಗದಲ್ಲಿ ಬೇರೆ ಗುಂಪಿನವರು, ಯಾರದೋ ಫಿನ್ (ಕಾಲಿಗೆ ಹಾಕೋ ಈಜುರೆಕ್ಕೆ) ನನ್ನ ತಲೆ ಹತ್ತಿರ. ಮೇಲೂ ಹೋಗೋಕಾಗಲ್ಲ ಅನ್ನಿಸಿಬಿಡ್ತು. ಕಣ್ಣು ಮುಚ್ಚಿ ಜೋರಾಗಿ ಊದಿದೆ. ಎಡಗಿವಿಯೊಳಗೆ ಒದ್ದೆ ಬಟ್ಟೆ ಹಿಂಡಿದ ಹಾಗೆ ಒಂದು ಸದ್ದು. ಆಮೇಲೆ ಬಿಸಿ. ನೋವು ಕಡಿಮೆ ಆಯ್ತು, ಹಾಗಾಗಿ ಸರಿಯಾಯ್ತು ಅಂದುಕೊಂಡೆ.

ಹೆಬ್ಬೆರಳು ಮೇಲೆ ಮಾಡಿ ಡೈವ್ ನಿಲ್ಲಿಸಬಹುದಿತ್ತು. ಆ ಹಕ್ಕು ಪ್ರತಿಯೊಬ್ಬರಿಗೂ ಇದೆ, ಯಾವಾಗ ಬೇಕಾದರೂ, ಕಾರಣ ಹೇಳದೆ, ಅಂತ ಇನ್‌ಸ್ಟ್ರಕ್ಟರ್ ಮೊದಲ ದಿನವೇ ಹೇಳಿದ್ದರು. ನಾನು ಮಾಡಲಿಲ್ಲ. ತಿಮಿಂಗಿಲ ಶಾರ್ಕ್ ನೋಡಬೇಕು ಅಂತ ಇವರು ಎಷ್ಟು ವರ್ಷದಿಂದ ಕಾಯ್ತಿದ್ದರು ಅಂತ ನನಗೆ ಗೊತ್ತು. ನನ್ನಿಂದ ತಪ್ಪಿಹೋಗೋದು ಬೇಡ ಅನ್ನಿಸ್ತು. ಶಾರ್ಕ್ ಆ ದಿನ ಬರಲೂ ಇಲ್ಲ.

"ನಿನ್ನ ಜೊತೆ ಇಳಿಯಲ್ಲ" ಅಂದಿದ್ದು ಕಿವಿ ಹೋದ ಸಿಟ್ಟಿಗೆ ಅಲ್ಲ. ಇವರ ಜೊತೆ ಇದ್ದರೆ ನಾನು ಸುಳ್ಳು ಹೇಳ್ತೀನಿ, ಅದಕ್ಕೆ. ಅಪರಿಚಿತ ಗೈಡ್ ಹತ್ತಿರ ಆಗಲ್ಲ ಅಂತ ಹೇಳೋದು ನನಗೆ ಸುಲಭ.

ಹಳೇಡೈವರ್:
ಅಮ್ಮಾ, ಈ ಕೊನೆಯ ಮಾತು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು "ಹೌದು, ನಾನೂ ಮೊದಲ ಎರಡು ವರ್ಷ ಹಾಗೇ ಮಾಡಿದೆ" ಅಂದಳು. ಹದಿನಾಲ್ಕು ವರ್ಷದಲ್ಲಿ ನನಗೆ ಇದು ಗೊತ್ತಿರಲಿಲ್ಲ.

ಸೀಸನ್‌ಗೆಲಸ:
ನಾನು ಕೋ ಟಾವ್‌ನಲ್ಲಿ ಎರಡು ಸೀಸನ್ ಡೈವ್‌ಮಾಸ್ಟರ್ (ನೀರೊಳಗೆ ಗುಂಪು ಕರೆದೊಯ್ಯೋ ಗೈಡ್) ಆಗಿ ಕೆಲಸ ಮಾಡಿದ್ದೀನಿ. ಗಂಡ ಹೆಂಡತಿ ವಿಷಯ ನೀವೆಲ್ಲ ಹೇಳಿದ್ದೀರಿ, ನಾನು ಜನಸಂದಣಿ ಬಗ್ಗೆ ಹೇಳ್ತೀನಿ. ಯಾಕಂದರೆ ಆ ಹಗ್ಗದ ಮೇಲೆ ನಾಲ್ಕು ಗುಂಪು ಇರದೇ ಇದ್ದಿದ್ದರೆ ಮೇಡಂ ಒಂದು ಮೀಟರ್ ಮೇಲೆ ಹೋಗಿರೋರು.

ಹೊಸ ಜೋಡಿ ಬಂದರೆ ನಾನು ಮೊದಲು ಕರೆದುಕೊಂಡು ಹೋಗ್ತಿದ್ದದ್ದು ಜಪಾನೀಸ್ ಗಾರ್ಡನ್ಸ್ ಅಥವಾ ಟ್ವಿನ್ಸ್‌ಗೆ. ಎರಡೂ ಪಕ್ಕದ ನಾಂಗ್ ಯುವಾನ್ ದ್ವೀಪದ ಹತ್ತಿರವೇ ಇವೆ. ಅಲ್ಲಿ ಆಳ ಮೆಲ್ಲಮೆಲ್ಲನೆ ಏರುತ್ತೆ. ಕಡಿಮೆ ಆಳದಲ್ಲೇ ಹವಳ, ಮೀನು ಕಾಣೋದರಿಂದ ಕಿವಿ ಬಿಡದಿದ್ದರೂ ನಿಂತ ಜಾಗದಲ್ಲೇ ನೋಡೋಕೆ ಏನಾದರೂ ಇರುತ್ತೆ, ಅವಸರ ಹುಟ್ಟಲ್ಲ. ಚುಂಫೋನ್ ಪಿನಾಕಲ್ ಆಗಲಿ, ಕೋ ಫಾಂಗಾನ್ ಕಡೆ ಹೋಗೋ ದಾರಿಯಲ್ಲಿರೋ ಸೈಲ್ ರಾಕ್ ಆಗಲಿ, ಕಿವಿ ಪಳಗಿದ ಮೇಲೆ. 2011ರಲ್ಲಿ ಮುಳುಗಿಸಿದ ಸಟ್ಟಕುಟ್ ಹಡಗು ನೋಡಲೇಬೇಕು ಅಂತ ಎಲ್ಲರೂ ಕೇಳ್ತಾರೆ. ಅದು ಮಲಗಿರೋದು ಸುಮಾರು 30 ಮೀಟರಲ್ಲಿ, ಓಪನ್ ವಾಟರ್ ಕಾರ್ಡಿನ ಮಿತಿ 18. ಅದಕ್ಕೆ ಕಾಯಿರಿ.

ದೋಣಿಯಲ್ಲಿ ಎಷ್ಟು ಜನ ಅಂತ ಕೇಳಬೇಡಿ. ಒಬ್ಬ ಗೈಡ್‌ಗೆ ನೀರೊಳಗೆ ಎಷ್ಟು ಜನ, ಅವರಲ್ಲಿ ಹೊಸಬರು ಎಷ್ಟು ಅಂತ ಕೇಳಿ. ಹಗ್ಗದಲ್ಲಿ ಸಾಲು ಇದ್ದರೆ ಕೊನೆಯ ಗುಂಪಾಗಿ ಇಳೀತೀವಿ ಅಂತ ಬಾಯಿಬಿಟ್ಟು ಹೇಳಿ. ಹತ್ತು ನಿಮಿಷ ದೋಣಿಯಲ್ಲಿ ಕೂತಿದ್ದರೆ ಹಗ್ಗ ನಿಮ್ಮದೇ. ನವೆಂಬರ್, ಡಿಸೆಂಬರಲ್ಲಿ ಅಲ್ಲಿ ಮಳೆ ಗಾಳಿ ಜೋರು, ನೀರು ಕಲಕಿರುತ್ತೆ, ಹೊಸಬರು ಆ ತಿಂಗಳು ಬಿಟ್ಟು ಬರೋದು ಒಳ್ಳೇದು.

ಮೇಲೆ ಬರುವಾಗಲೂ ಸಂದಣಿ ಮರೀಬೇಡಿ. ಉದ್ದಬಾಲದ ದೋಣಿಗಳು ಡೈವ್ ಜಾಗದ ಮೇಲೆಯೇ ಹಾದು ಹೋಗ್ತವೆ. ಮೇಲೆ ಬರೋ ಮುಂಚೆ ಸುರಕ್ಷತೆಗೆ ಅಂತ 5 ಮೀಟರಲ್ಲಿ ಮೂರು ನಿಮಿಷ ನಿಲ್ಲೋ ಹೊತ್ತಲ್ಲೇ, ದೋಣಿಯವರಿಗೆ ಕಾಣೋ ಹಾಗೆ ಬಣ್ಣದ ಬಲೂನು ಮೇಲೆ ಬಿಟ್ಟು, ಇಂಜಿನ್ ಸದ್ದು ಕೇಳಿಸಿಕೊಂಡು, ಹಗ್ಗದ ಪಕ್ಕದಲ್ಲೇ ಏರಿ.

ಕೊನೆಗೆ ನನ್ನ ಹೊಟ್ಟೆ ಉರಿಸೋ ವಿಷಯ. ಕಿವಿಗೆ ಕಷ್ಟ ಆದ ಹೊಸಬರು ಗಾಬರಿಯಲ್ಲಿ ಹವಳದ ಮೇಲೆ ಮೊಣಕಾಲೂರ್ತಾರೆ. ಕೈಗೆ ಸಿಕ್ಕಿದ್ದನ್ನ ಹಿಡ್ಕೊಳ್ತಾರೆ. ಅವರನ್ನ ಬೈಯ್ಯೋಕೆ ಆಗಲ್ಲ, ಅವರನ್ನ ಅಲ್ಲಿಗೆ ಅವಸರದಲ್ಲಿ ತಂದವರು ನಾವು. ಆ ಹವಳ 2010ರಲ್ಲಿ ಬಿಳಿಚಿಕೊಂಡಿತ್ತು, 2024ರಲ್ಲಿ ಸಮುದ್ರ ಬಿಸಿಯಾಗಿ ಮತ್ತೆ ಬಿಳಿಚಿಕೊಂಡಿತು. ಆಗ ಬದುಕುಳಿದು ಮತ್ತೆ ಬಣ್ಣ ಹಿಡೀತಿರೋ ಒಂದು ತುಂಡಿನ ಮೇಲೆ ಫಿನ್ ಬಿದ್ದು ಮುರಿಯೋದನ್ನ ಕಣ್ಣೆದುರು ನೋಡಿದರೆ ಗೊತ್ತಾಗುತ್ತೆ. ನಿಧಾನ ಇಳಿಯೋ ಜೋಡಿ ಕಂಡರೆ ನನಗೆ ಅದಕ್ಕೇ ಅಷ್ಟು ಇಷ್ಟ.

ನೀಲಿಹಗ್ಗ:
ಮೈಮೇಲೆ ಬರೋ ಟ್ರಿಗರ್‌ಫಿಶ್ ಅನ್ನೋ ಮೀನಿನ ಬಗ್ಗೆಯೂ ಒಂದು ಮಾತು ಸೇರಿಸಿ ಸರ್, ಹೊಸಬರಿಗೆ ಬೇಕು.

ಸೀಸನ್‌ಗೆಲಸ:
ಹೌದು, ಮರೆತಿದ್ದೆ. ಟೈಟನ್ ಟ್ರಿಗರ್‌ಫಿಶ್ ಮೊಟ್ಟೆ ಇಟ್ಟಿದ್ದರೆ ಮೈಮೇಲೆ ಬರುತ್ತೆ. ಅದು ಕಾಯೋ ಜಾಗ ಗೂಡಿನಿಂದ ಮೇಲಕ್ಕೆ ಅಗಲವಾಗ್ತಾ ಹೋಗೋ ಆಲಿಕೆಯ ಹಾಗೆ. ಮೇಲೆ ಹೋದರೆ ಅದರ ಜಾಗದೊಳಗೇ ಇರ್ತೀರಿ. ಅದರ ಕಡೆ ಫಿನ್ ಮಾಡಿಕೊಂಡು ಪಕ್ಕಕ್ಕೆ ಈಜಿ. ಗಾಬರಿಯಾಗಿ ನೇರ ಮೇಲೆ ಹಾರಿದರೆ ಕಚ್ಚಿಸ್ಕೊಳ್ಳೋದರ ಜೊತೆಗೆ ಶ್ವಾಸಕೋಶಕ್ಕೂ ಅಪಾಯ.

ತಂಪುನೀರು:
ಡಾಕ್ಟರ್ ಮೇಡಂ, ಮಾತ್ರೆ ವಿಷಯ ಅರ್ಥ ಆಯ್ತು, ಇನ್ನು ತಗೊಳ್ಳಲ್ಲ. ವಿಮಾನದ ಬಗ್ಗೆ ಕೇಳಬೇಕಿತ್ತು. ಕಿವಿಗೆ ಪೆಟ್ಟಾದ ಮೇಲೆ ಇವರು ಹೇಗೆ ವಾಪಸ್ ಬಂದರು?

ಕಿವಿಡಾಕ್ಟರ್:
ಇಲ್ಲಿ ಎರಡು ಬೇರೆ ಬೇರೆ ವಿಷಯ ಇವೆ. ಒಂದು, ದೇಹದಲ್ಲಿ ಕರಗಿರೋ ನೈಟ್ರೋಜನ್, ವಿಮಾನದಲ್ಲಿ ಒತ್ತಡ ಇಳಿದಾಗ ಅದು ಗುಳ್ಳೆಯಾಗಬಹುದು. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ದಿನಾ ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಬಿಟ್ಟು ವಿಮಾನ ಹತ್ತಬೇಕು. ಪೂರ್ತಿ ಒಂದು ದಿನ ಬಿಟ್ಟರೆ ಇನ್ನೂ ನೆಮ್ಮದಿ. ಎರಡು, ಕಿವಿ. ಗಂಟೆ ಎಷ್ಟೇ ಕಳೆದರೂ ಆ ನಳಿಗೆ ಊದಿಕೊಂಡಿದ್ದರೆ ವಿಮಾನ ಇಳಿಯುವಾಗ ಮತ್ತೆ ಅದೇ ನೋವು. ಅದಕ್ಕೇ ಹತ್ತೋ ಮುಂಚೆ ಕಿವಿಯೊಳಗೆ ನೋಡಿಸಬೇಕು. ಇವರು ಏನು ಮಾಡಿದರು ಅಂತ ಅವರೇ ಹೇಳಲಿ.

ನಿಧಾನಕಿವಿ:
ಮೂರು ದಿನ ತಡ ಮಾಡಿ, ಡಾಕ್ಟರ್ ಹತ್ತಿರ ಇನ್ನೊಂದು ಸಲ ತೋರಿಸಿಕೊಂಡೇ ಬಂದ್ವಿ. ಟಿಕೆಟ್ ಬದಲಾಯಿಸಿದ್ದು ಇವರು. ನಾನು ಕೇಳಿರಲಿಲ್ಲ.

ಕಡಲಂಚು:
ಮೂರು ತಿಂಗಳಾದ ಮೇಲೆ ಬರೀತಿದ್ದೀನಿ. ನನ್ನ ಹೆಂಡತಿ ಬರೆದದ್ದನ್ನ ಆ ರಾತ್ರಿ ಎಷ್ಟು ಸಲ ಓದಿದೆನೋ ಲೆಕ್ಕ ಇಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಒಟ್ಟಿಗೆ ಹೋಗೋದಾ ಬೇರೆ ಹೋಗೋದಾ ಅಂತ ಕೇಳಿದೆ. ಕೇಳಬೇಕಾಗಿದ್ದದ್ದು, ನನ್ನ ಮುಂದೆ ಅವಳಿಗೆ ಆಗಲ್ಲ ಅನ್ನೋಕೆ ಯಾಕೆ ಆಗಲಿಲ್ಲ ಅಂತ.

ಡಾಕ್ಟರ್ ಒಪ್ಪಿದ ಮೇಲೆ ಅವಳು ಮೊದಲು ಈಜುಕೊಳದಲ್ಲಿ, ಆಮೇಲೆ ಕಡಲಲ್ಲಿ ಎರಡು ಡೈವ್ ಬೇರೆ ಗೈಡ್ ಜೊತೆ ಮಾಡಿದಳು. ಹಳೇಡೈವರ್ ಸರ್ ಹೇಳಿದ ಹಾಗೆ. ನಾನು ದೋಣಿಯಲ್ಲಿ ಕೂತಿದ್ದೆ. ಮೂರನೆಯದಕ್ಕೆ ಅವಳೇ ಕರೆದಳು. ಎರಡುಗುಳ್ಳೆ ಅವರ ನಿಯಮ ಇಟ್ಟುಕೊಂಡ್ವಿ, ಮಾಸ್ಕ್ ಎದುರು ಮಾಸ್ಕ್. ನಾವೇ ಕೊನೆಯವರು, ಹಗ್ಗದಲ್ಲಿ ಬೇರೆ ಯಾರೂ ಇರಲಿಲ್ಲ. ನಾಲ್ಕು ಮೀಟರಲ್ಲಿ ಅವಳು ಅಂಗೈ ವಾಲಿಸಿದಳು. ಇಷ್ಟು ಹತ್ತಿರದಿಂದ ನೋಡಿದರೆ ಅದು ಓಕೆ ಥರ ಕಾಣೋದೇ ಇಲ್ಲ. ಇಬ್ಬರೂ ಒಂದು ಮೀಟರ್ ಮೇಲೆ ಬಂದ್ವಿ. ಅವಳು ನುಂಗಿದಳು, ಕಾದಳು, ಮತ್ತೆ ನುಂಗಿದಳು. ಆಮೇಲೆ ಬೆರಳು ಕೆಳಗೆ ತೋರಿಸಿದಳು.

ಲಾಗ್‌ಬುಕ್‌ನಲ್ಲಿ ಅವಳು ಬರೆದದ್ದು: ಹೆಚ್ಚಿನ ಆಳ 9 ಮೀಟರ್. ಇಳಿಯೋಕೆ ಹಿಡಿದ ಹೊತ್ತು 7 ನಿಮಿಷ. ಜೊತೆಗಾರ ಅನ್ನೋ ಜಾಗದಲ್ಲಿ ನನ್ನ ಹೆಸರು.

ನಿಧಾನಕಿವಿ:
ಮುಂದಿನ ಸಲ ರಾತ್ರಿ ಡೈವ್ ಮಾಡೋಣ ಅಂತ ಇದ್ದೀವಿ. ಕತ್ತಲಲ್ಲಿ ಅಂಗೈ ವಾಲಿಸಿದರೆ ಇವರಿಗೆ ಹೇಗೆ ಕಾಣುತ್ತೆ? ಟಾರ್ಚ್ ಮುಖಕ್ಕೆ ಬಿಡಬಾರದು ಅಂತಾರಲ್ಲ.

ಎರಡುಗುಳ್ಳೆ:
ಟಾರ್ಚನ್ನ ಇನ್ನೊಬ್ಬರ ಕಣ್ಣಿಗೆ ಬಿಡಬೇಡಿ, ನಿಮ್ಮ ಕೈ ಮೇಲೇ ಬಿಟ್ಟುಕೊಂಡು ಸನ್ನೆ ಮಾಡಿ, ಆಮೇಲೆ ಬೆಳಕನ್ನ ಕಿವಿ ಕಡೆ ತಿರುಗಿಸಿ. ಬೆಳಕನ್ನ ನಿಧಾನ ದುಂಡಗೆ ತಿರುಗಿಸಿದರೆ ಓಕೆ. ಆ ಕಡೆ ಈ ಕಡೆ ಜೋರಾಗಿ ಬೀಸಿದರೆ ತೊಂದರೆ, ತಕ್ಷಣ ಬನ್ನಿ ಅಂತ ಅರ್ಥ. ದೋಣಿಯಲ್ಲೇ ಲೈಟ್ ಆರಿಸಿ ಒಂದು ಸಲ ಇಬ್ಬರೂ ಮಾಡಿ ನೋಡಿಕೊಂಡು ಇಳೀರಿ.